ಮೂರು ಸೆಕೆಂಡು

ಮಂಡಕ್ಕಿ ಭಟ್ಟಿಯ ಆಫೀಸಿನಿಂದ ಫೋನು ಬಂದಾಗ ನಾನು
ದಾವಣಗೆರೆ ಮಂಡಿಪೇಟೆಯ ನನ್ನ ಅಂಗಡಿಯಲ್ಲಿ
ಯಾರದೋ ಕೀಬೋರ್ಡಿನ ಹಲ್ಲು ಕೀಳುತ್ತಿದ್ದೆ.
"ಬರ್ರಿ ಸ್ವಲ್ಪ, ಎಮ್ಮಿ ಕೆಸರಿಗೆ ಬಿದ್ದಂಗಾಗೈತಿ ಕಂಪ್ಯೂಟರು,
ಎಬ್ಬಿಸಿದ್ರೂ ಏಳವಲ್ದು."

ಹೋದೆ.
ಹೊಟ್ಟಿನ ಹೊಗೆ, ಕಾದ ಮರಳು, ಅಕ್ಕಿ ಸಿಡಿಯುವ ಸದ್ದು.
ಊರಿನ ಈ ಮೂಲೆಯಲ್ಲಿ ಮಾತು ಕೂಡ
ಸ್ವಲ್ಪ ಉಬ್ಬಿಯೇ ಹೊರಬರುತ್ತದೆ.

ಗುಮಾಸ್ತ ಬಕ್ಕೇಶಪ್ಪನವರು ಕೈಕಟ್ಟಿ ನಿಂತಿದ್ದರು,
ಕಾಯಿಲೆ ಮೊದಲೇ ಗೊತ್ತಿರುವ ವೈದ್ಯನ ಹಾಗೆ.
"ಮೈಮ್ಯಾಲೆ ಒಡವೆ ಜಾಸ್ತಿ ಆಗ್ಯಾವೆ ಇದಕ್ಕೆ.
ಕಿಟಕಿಗೊಂದು ನೆರಳು, ನೆರಳಿಗೊಂದು ಅಂಚು,
ಮುಚ್ಚಿದ್ರೆ ಸೊರ್ರಂತ ಜಾರೋದು ಬ್ಯಾರೆ.
ನಾನು ಮಿಲ್ಲಿನಾಗೆ ಇದ್ದಾಗ ಕರಿ ಪರದೆ, ಹಸರು ಅಕ್ಷರ,
ಎಫ್ ಸೆವೆನ್ ಒತ್ತಿದ್ರೆ ಆರುನೂರು ಮಂದಿ ಪಗಾರ
ಚಾ ಬಟ್ಟಲು ಕೆಳಗಿಡೋದ್ರೊಳಗೆ ಮುಗಿದಿರ್ತಿತ್ತು."
ಆ ಚಾ ಎಷ್ಟು ಹೊತ್ತು ಕುಡಿದರೋ
ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವರು ಹೇಳಿದ್ದರಲ್ಲಿ ಸುಳ್ಳೂ ಇಲ್ಲ.
ಪರದೆಯ ಮೇಲೊಂದು ಬಾಣ ಗೇಣುದ್ದ ಸರಿಯಬೇಕಾದರೆ
ಒಳಗೆ ಯಾರೋ ಒಬ್ಬ ಕೂತು ಹಳೆಯ ಬಾಣ ಒರೆಸಬೇಕು,
ಹೊಸದು ಬರೆಯಬೇಕು,
ಅಡಿಯಲ್ಲಿ ಮುಚ್ಚಿಹೋಗಿದ್ದನ್ನು ನೆನಪಿಟ್ಟು ತಿರುಗಿ ಬಿಡಿಸಬೇಕು.
ಆ ಕೂಲಿ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಸರಿ, ಬಿಚ್ಚೋಣ ಎಂದೆ.
ನೆರಳು ತೆಗೆದೆ. ಜಾರುವುದನ್ನು ನಿಲ್ಲಿಸಿದೆ.
ಹಿಂದೆ ಸುಮ್ಮನೆ ಸುರಿಯುತ್ತಿದ್ದ ಜಲಪಾತ ಅಳಿಸಿದೆ.
ಕೊನೆಗೆ ಕಿಟಕಿಗಳನ್ನೇ ಕಿತ್ತೆ:
ಬರೀ ಕರಿ ಗೋಡೆ, ಮಿಣುಕುವ ಒಂದು ಗೀಟು.
ಗಡಿಯಾರ ಹಿಡಿದು ತಿಂಗಳ ಲೆಕ್ಕ ಓಡಿಸಿದೆ.
ಮೊದಲು ನಲವತ್ತೊಂದು ಸೆಕೆಂಡು.
ಈಗ ಮೂವತ್ತೆಂಟು.
ಬಕ್ಕೇಶಪ್ಪನವರು ಮೂರು ಬೆರಳೆತ್ತಿ
ಭಟ್ಟಿಯವರಿಗೆಲ್ಲ ತೋರಿಸಿದರು.

ಆಗ ಬಂದಳು ಶಮ್ಶಾದ್,
ಚೀಲ ಎಣಿಸಿ ದಾಖಲಿಸುವವಳು,
ಕಣ್ಣರೆಪ್ಪೆಯ ಮೇಲೂ ಹೊಟ್ಟಿನ ಬೂದಿ.
"ನನ್ನ ಚೀಲ ಎಲ್ಲಿ?"
ಹಳದಿ ಗೋಣಿಯ ಪುಟ್ಟ ಚಿತ್ರ ಅದು,
ಪಕ್ಕದಲ್ಲಿ ಲಾರಿ, ಅದರ ಪಕ್ಕ ತಕ್ಕಡಿ.
ಇಂಗ್ಲಿಷು ಬಾರದು. ಕನ್ನಡ ಕೂಡಿಸಿ ಕೂಡಿಸಿ ಓದುತ್ತಾಳೆ.
ಚೀಲವನ್ನು ಚೀಲವೆನ್ನಲು
ಯಾವ ಶಾಲೆಯೂ ಅವಳಿಗೆ ಬೇಕಾಗಿರಲಿಲ್ಲ.

ಬಕ್ಕೇಶಪ್ಪನವರು ಹೇಳಿಕೊಟ್ಟರು, ಅಕ್ಕರೆಯಿಂದಲೇ:
ಈ ಪದ ಹೊಡಿ, ಜಾಗ ಬಿಡು, ಓರೆಗೀಟು, ಸಂಖ್ಯೆ, ಎಂಟರ್.
ಹೊಡೆದಳು. ಕಣ್ಣು ಮಿಟುಕಿಸುವುದರೊಳಗೆ ಯಂತ್ರ ಹೇಳಿತು: ತಪ್ಪು.
ಮತ್ತೆ ಹೊಡೆದಳು. ಮತ್ತೆ ಅಷ್ಟೇ ಚುರುಕಾಗಿ: ತಪ್ಪು.
ಹೊರಗೆ ಲಾರಿ ಹಾರ್ನು ಹಾಕಿತು.
ಹಮಾಲರು ಒಬ್ಬೊಬ್ಬರಾಗಿ ಚೀಲದ ಮೇಲೆ ಕೂತು ಬೀಡಿ ಹಚ್ಚಿದರು.
ಈ ಹೊತ್ತನ್ನು ಯಾರ ಖಾತೆಗೆ ಬರೆಯುವುದೋ ತಿಳಿಯದೆ
ನನ್ನ ಗಡಿಯಾರ ಓಡುತ್ತಲೇ ಇತ್ತು.

ಬೇರೇನೂ ತೋಚದೆ ಡಬ್ಬದ ಪಕ್ಕೆ ಬಿಚ್ಚಿದೆ.
ಅಯ್ಯೋ ಶಿವನೇ,
ಒಳಗೊಂದು ಭಟ್ಟಿ!
ಫ್ಯಾನಿನ ರೆಕ್ಕೆಗೆಲ್ಲ ಹೊಟ್ಟು, ಕಂಬಳಿಯಷ್ಟು ದಪ್ಪ ಧೂಳು,
ನಡುವೆ ಒಂದೇ ಒಂದು ಮಂಡಕ್ಕಿ, ಮಾಸಿದ್ದು.
ಉಬ್ಬಸದವನ ಎದೆಗೆ ಕಿವಿಕೊಟ್ಟು
ಅಂಗಿ ಬಿಗಿಯಾಯಿತು ಎಂದಿದ್ದೆವು ನಾವು.

ಬ್ರಷ್ಷು, ಬ್ಲೋವರು, ಕಾಲುಗಂಟೆ.
ಉಸಿರು ಬಂತು.
ಕಿಟಕಿ ಮತ್ತೆ ಕೂಡಿಸಿದೆ, ನೆರಳಿಲ್ಲದ್ದು, ಜಾರದ್ದು.
ಚೀಲ, ಲಾರಿ, ತಕ್ಕಡಿ.
ಲೆಕ್ಕ: ಹತ್ತೊಂಬತ್ತು.

"ಕಿಟಕಿ ಇಲ್ದಿದ್ರೆ ಹದಿನಾರು ಆಗ್ತಿತ್ತು" ಎಂದರು ಬಕ್ಕೇಶಪ್ಪ.
ಆಗುತ್ತಿತ್ತು, ನಿಜ.
ಶಮ್ಶಾದ್ ಆಗಲೇ ಹಳದಿ ಗೋಣಿಯ ಮೇಲೆ ಬಾಣವಿಟ್ಟು
ಬಾಗಿಲ ಕಡೆ ಕೂಗುತ್ತಿದ್ದಳು:
"ಎಷ್ಟಂದಿ, ಹಾಲಪ್ಪಣ್ಣಾ?"

ನಾನು ಚೀಲ ಹೆಗಲಿಗೇರಿಸುವಾಗ ಅವರು ಹತ್ತಿರ ಬಂದು
ದನಿ ತಗ್ಗಿಸಿ ಕೇಳಿದರು:
ಮೂಲೆಯಾಗೆ ನನಗೊಂದು ಕರಿ ಚೌಕ ಉಳಿಸ್ತೀರೇನು?
ಉಳಿಸಿದ್ದೀನಿ, ಆದರೆ ತೆರೆಯೋಕೆ
ಒಂದು ಚಿತ್ರ ಒತ್ತಬೇಕು, ಯಾವುದಿಡಲಿ ಎಂದೆ.
ತುಂಬ ಹೊತ್ತು ಯೋಚಿಸಿದರು.
"ಚಾ ಬಟ್ಟಲು."